ಮಗನ ಹಾಸಿಗೆ ಪಕ್ಕದ ಕೆಲಸಗಳು

"ಇನ್ನ ಮನೀಗೆ ಕರ್ಕೊಂಡು ಹೋಗ್ರಿ, ಏನು ಬೇಡ್ತಾನೋ ಉಣಸ್ರಿ" ಎಂದು ಡಾಕ್ಟರು ಹೇಳಿದ ಕೂಡಲೇ ತಂದೆ-ತಾಯಿ ಕೈಮುಗಿದು ಎದ್ದುಬಿಡುತ್ತೇವೆ. ಏಳಬಾರದು. ಬಾಯಿ ಕ್ಯಾನ್ಸರಿನ ಕೊನೆಯ ಹಂತಕ್ಕೆ ಬಂದ ಮಗನಿಗೆ ಬಾಯಿಂದ ಉಣಿಸುವ ದಾರಿಯೇ ಮುಚ್ಚಿರುತ್ತದೆ. ಬೇಡಿದ್ದನ್ನು ಹೇಗೆ ಉಣಿಸುವುದೆಂದು ಆ ಕೋಣೆಯಲ್ಲೇ ಕೇಳಬೇಕು. ನೋವಿಗೆ ಏನು ಕೊಡಬೇಕು, ಗುಳಿಗೆಯ ಹೊತ್ತಾಗುವ ಮೊದಲೇ ನೋವು ಎದ್ದರೆ ಎಷ್ಟು ಕೊಡಬೇಕು, ಊಟ ಹಾಕುವ ಮೂಗಿನ ನಳಿಕೆಯನ್ನು ಯಾವ ತಾರೀಖಿಗೆ ಬದಲಿಸಬೇಕು, ಗಾಯದಿಂದ ರಕ್ತ ಬಂದರೆ ಏನು ಮಾಡಬೇಕು, ರಾತ್ರಿ ಎರಡಕ್ಕೆ ಯಾರಿಗೆ ಫೋನ್ ಹಚ್ಚಬೇಕು. ಇಷ್ಟಕ್ಕೆ ಉತ್ತರ ಡಿಸ್ಚಾರ್ಜ್ ಚೀಟಿಯ ಹಿಂದೆ ಬರೆಸಿಕೊಂಡೇ ಹೊರಬೀಳಬೇಕು. "ಎಷ್ಟು ದಿನ ಅದಾವ್ರಿ" ಎಂಬ ಪ್ರಶ್ನೆಗೆ ಯಾವ ಡಾಕ್ಟರೂ ಉತ್ತರ ಕೊಡಲಾರರು. "ತಿಂಗಳೋ, ವಾರವೋ, ದಿನವೋ" ಎಂದು ಕೇಳಿದರೆ ಬಹಳ ಮಂದಿ ಕೊಡುತ್ತಾರೆ. ಮನೆಯಲ್ಲಿ ನಾವೇ ಅಂದಾಜು ಮಾಡಬಹುದಾದ ಲೆಕ್ಕವೂ ಒಂದಿದೆ: ಮೈಯಲ್ಲಿ ಬದಲಾವಣೆ ವಾರದಿಂದ ವಾರಕ್ಕೆ ಕಾಣುತ್ತಿದ್ದರೆ ಉಳಿದದ್ದು ವಾರಗಳು, ದಿನದಿಂದ ದಿನಕ್ಕೆ ಕಾಣುತ್ತಿದ್ದರೆ ದಿನಗಳು.

ಇನ್ನೊಂದು ಮಾತು ಅದೇ ಕೋಣೆಯದು. ನಮ್ಮ ಕಡೆ ಡಾಕ್ಟರು ರೋಗಿಯನ್ನು ಹೊರಗೆ ಕೂಡ್ರಿಸಿ ಅಪ್ಪನ ಜೊತೆ ಮಾತಾಡುತ್ತಾರೆ. ಅಪ್ಪನೂ "ಅವಗೇನೂ ಹೇಳಬ್ಯಾಡ್ರಿ ಸರ, ಧೈರ್ಯಾ ಕಳಕೋತಾನ" ಎನ್ನುತ್ತಾನೆ. ಮಗನಿಗೆ ಮೂವತ್ತು ದಾಟಿದೆ, ಮದುವೆಯಾಗಿದೆ, ಮಗುವಿದೆ, ಬ್ಯಾಂಕಿನ ಸಾಲವಿದೆ. ಕೀಮೋ ನಿಂತಿದ್ದು, ಹೊಸ ಸ್ಕ್ಯಾನ್ ಬರೆಯದೇ ಇದ್ದದ್ದು, ಮನೆಗೆ ಮಂದಿ ಬರುವುದು ಒಮ್ಮೆಲೇ ಹೆಚ್ಚಾದದ್ದು, ಇವೆಲ್ಲ ಅವನಿಗೆ ಕಾಣುತ್ತಿರುತ್ತದೆ. ಮುಚ್ಚಿಟ್ಟರೆ ಅವನೂ ನಮ್ಮ ಮುಂದೆ ಗೊತ್ತಿಲ್ಲದವನಂತೆ ಇರಬೇಕಾಗುತ್ತದೆ. ಆಗ ಸಹಿ ಹಾಕಬೇಕಾದ ಕಾಗದ, ಹೆಂಡತಿಗೆ ಹೇಳಬೇಕಾದ ಮಾತು ಎರಡೂ ಉಳಿದುಬಿಡುತ್ತವೆ. ಎಲ್ಲವನ್ನೂ ಒಮ್ಮೆಲೇ ಸುರಿಯಬೇಕಿಲ್ಲ. "ಡಾಕ್ಟರು ಹೇಳಿದ್ದು ನಿನಗೆ ಎಷ್ಟು ತಿಳೀಬೇಕು ಅನಸ್ತದ, ನೀನ ಹೇಳು" ಎಂದು ಕೇಳಿ ಅವನು ಕೇಳಿದಷ್ಟನ್ನು ಸುಳ್ಳಿಲ್ಲದೆ ಹೇಳಿದರೆ ಸಾಕು. ಕೆಲವರು "ನನಗೇನೂ ಬ್ಯಾಡ, ನೀವ ನೋಡ್ಕೋರಿ" ಎನ್ನುತ್ತಾರೆ. ಅದೂ ಅವರದೇ ತೀರ್ಮಾನ. ದವಡೆ ಬಿಗಿದು ಮಾತು ಹೊರಡದವರಿಗೆ ಮಕ್ಕಳ ಮ್ಯಾಜಿಕ್ ಸ್ಲೇಟು ಅನುಕೂಲ. ಮೊಬೈಲಿನಲ್ಲಿ ಟೈಪ್ ಮಾಡುವ ಶಕ್ತಿ ಹೋದ ಮೇಲೂ ಸ್ಲೇಟಿನ ಮೇಲೆ ನಾಲ್ಕು ಅಕ್ಷರ ಬರೆಯಲು ಆಗುತ್ತದೆ. ಗುಟ್ಕಾದ ಮಾತು ಮಾತ್ರ ಮನೆಯಲ್ಲಿ ಯಾರೂ ಎತ್ತಬಾರದು. ರಾಜ್ಯದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಗಿದೆ, ಅಂಗಡಿಯವರು ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಮಾಡಿ ಮಾರುತ್ತಾರೆ. ಆ ಸಿಟ್ಟನ್ನು ಹಾಸಿಗೆಯಲ್ಲಿ ಮಲಗಿದವನ ಮೇಲೆ ತೀರಿಸಿಕೊಂಡು ಫಲವಿಲ್ಲ.

ಮನೆಗೆ ಬಂದ ಮೇಲೆ ಮೊದಲು ಗೆಲ್ಲಬೇಕಾದದ್ದು ನೋವು. ನೋವು ಹಿಡಿತಕ್ಕೆ ಬಾರದೆ ನಿದ್ದೆಯಿಲ್ಲ, ಮಾತಿಲ್ಲ, ಗಾಯ ತೊಳೆಯಲೂ ಬಿಡುವುದಿಲ್ಲ. ಟ್ರಮಡಾಲ್‌ನಂಥ ನೋವಿನ ಗುಳಿಗೆಗೆ ಬಗ್ಗದ ಕ್ಯಾನ್ಸರ್ ನೋವಿಗೆ ಮಾರ್ಫಿನ್ ಎಂಬ ಬಲವಾದ ನೋವಿನ ಔಷಧಿ ಬೇಕು. ಅದು ಓಣಿಯ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಮಾದಕ ವಸ್ತುಗಳ ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿಯಿಂದ ದವಾಖಾನೆಗಳಿಗೆ ಲೈಸೆನ್ಸಿನ ತೊಡಕು ಕಡಿಮೆಯಾಯಿತು. ಆದರೂ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳಷ್ಟೇ ಅದನ್ನು ಇಟ್ಟುಕೊಂಡು ಕೊಡುತ್ತವೆ. ಈ ಭಾಗದವರು ವಿಚಾರಿಸಬೇಕಾದದ್ದು ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ವಿದ್ಯಾನಗರದ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡ ಸತ್ತೂರಿನ ಎಸ್‌ಡಿಎಂ ಇಂಥ ದೊಡ್ಡ ಕಡೆಗಳಲ್ಲಿ. "ಪೇನ್ ಕ್ಲಿನಿಕ್ ಎಲ್ಲೈತ್ರಿ" ಅಥವಾ "ಪ್ಯಾಲಿಯೇಟಿವ್ ವಿಭಾಗ ಎಲ್ಲೈತ್ರಿ" ಎಂದು ಕೇಳಬೇಕು; ವಾಸಿಯಾಗದ ರೋಗದ ನೋವು, ತ್ರಾಸು ಕಡಿಮೆ ಮಾಡುವ ವಿಭಾಗ ಅದು. ರೋಣ, ಹಾನಗಲ್ಲಿನಿಂದ ಬರುವವರು ಬಸ್ಸು ಹತ್ತುವ ಮೊದಲು ಫೋನ್ ಮಾಡಿ ಗುಳಿಗೆ ದಾಸ್ತಾನು ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಮುಂದಿನ ಸಲ ರೋಗಿಯನ್ನು ಕರೆದೊಯ್ಯಲು ಆಗದಿದ್ದರೆ ಮನೆಯವರ ಕೈಗೆ ಕೊಡುತ್ತಾರೆಯೇ, ಅದಕ್ಕೆ ಯಾವ ಕಾಗದ ತರಬೇಕು ಎಂಬುದನ್ನು ಮೊದಲ ದಿನವೇ ಕೇಳಿ. ಗುಳಿಗೆ ಮುಗಿಯಲು ಐದಾರು ದಿನ ಇರುವಾಗಲೇ ಹೊರಡಬೇಕು. ನಡುವೆ ರಜೆ, ಬಂದ್, ಮಳೆ ಏನಾದರೊಂದು ಬರುತ್ತದೆ. ಮಾರ್ಫಿನ್ ಒಮ್ಮೆಲೇ ನಿಂತರೆ ನೋವು ಮರಳುವುದಷ್ಟೇ ಅಲ್ಲ, ಬೆವರು, ನಡುಕ, ಚಡಪಡಿಕೆಯೂ ಹತ್ತುತ್ತವೆ.

ಸಾದಾ ಮಾರ್ಫಿನ್ ಗುಳಿಗೆಯ ಕೆಲಸ ನಾಲ್ಕು ತಾಸಿನದು. ಹಾಗಾಗಿ ಮುಂಜಾನೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10, ಈ ಹೊತ್ತಿಗೆ ಸರಿಯಾಗಿ ಕೊಡಬೇಕು. ಬಹಳಷ್ಟು ಡಾಕ್ಟರು ರಾತ್ರಿ 10ರದ್ದನ್ನು ದುಪ್ಪಟ್ಟು ಬರೆಯುತ್ತಾರೆ, ನಡುರಾತ್ರಿ ಎಬ್ಬಿಸುವುದು ತಪ್ಪಲಿ ಎಂದು. ಶುರುವಾಗುವುದು ಸಾಮಾನ್ಯವಾಗಿ 5 ಅಥವಾ 10 ಮಿಲಿಗ್ರಾಂನಿಂದ. "ನೋವಾದಾಗ ಕೊಡೋಣು" ಎಂದು ಕಾಯುವವರ ಮನೆಯಲ್ಲಿ ನೋವು ಯಾವತ್ತೂ ಕಡಿಮೆಯಾಗುವುದಿಲ್ಲ. ಏರಿದ ನೋವನ್ನು ಇಳಿಸಲು ಹೆಚ್ಚು ಔಷಧಿ ಬೇಕು, ಏರದಂತೆ ತಡೆಯಲು ಕಡಿಮೆ ಸಾಕು. ಎರಡು ಹೊತ್ತಿನ ನಡುವೆ ನೋವು ಎದ್ದರೆ ಒಂದು ಹೊತ್ತಿನಷ್ಟೇ ಪ್ರಮಾಣವನ್ನು ಹೆಚ್ಚುವರಿಯಾಗಿ ಕೊಡಲು ಹೇಳಿರುತ್ತಾರೆ. ಹಾಗೆ ಕೊಟ್ಟರೂ ಮುಂದಿನ ಹೊತ್ತಿನದ್ದನ್ನು ಬಿಡಬಾರದು. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಹೊತ್ತು, ಕೊಟ್ಟದ್ದು, ನೋವಿಗೆ ಹತ್ತರಲ್ಲಿ ಎಷ್ಟು ಅಂಕ, ಸಂಡಾಸು ಆಯಿತೋ ಇಲ್ಲವೋ, ಇಷ್ಟು ಬರೆದಿಡಿ. ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ಹೆಚ್ಚುವರಿ ಬೇಕಾದರೆ ಡಾಕ್ಟರು ಪ್ರಮಾಣ ಏರಿಸಬೇಕು. ಆ ನೋಟ್‌ಬುಕ್ಕು ನೋಡಿದರೆ ಅವರಿಗೆ ಎರಡು ನಿಮಿಷದ ಕೆಲಸ, ಬಾಯಿಮಾತಿನಲ್ಲಿ ಹೇಳಿದರೆ ಅರ್ಧ ತಾಸು. ನಾವಾಗಿ ಏರಿಸಬಾರದು.

ಮೊದಲ ಎರಡು-ಮೂರು ದಿನ ತೂಕಡಿಕೆ, ಓಕರಿಕೆ ಇರುತ್ತವೆ, ಆಮೇಲೆ ಕಡಿಮೆಯಾಗುತ್ತವೆ. ಸಂಬಂಧಿಕರು "ನಶೆ ಹಚ್ಚೀರಿ, ಚಟಾ ಆಗ್ತದ" ಎನ್ನುವುದು ಇದೇ ದಿನಗಳಲ್ಲಿ. ನೋವಿಗೆ ತಕ್ಕಷ್ಟು ಕೊಟ್ಟ ಮಾರ್ಫಿನ್ ಚಟವಾಗುವುದು ಬಹಳ ಅಪರೂಪ, ಅದರಿಂದ ಸಾವು ಬೇಗ ಬರುವುದೂ ಇಲ್ಲ. ನಿಜವಾಗಿ ಕಣ್ಣಿಡಬೇಕಾದದ್ದು ಬೇರೆ: ಎಬ್ಬಿಸಿದರೂ ಏಳದಷ್ಟು ಮಂಪರು, ಸೂಜಿಮೊನೆಯಷ್ಟು ಚಿಕ್ಕದಾದ ಕಣ್ಣಪಾಪೆ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು. ಮೂರೂ ಸೇರಿ ಕಂಡರೆ ಮುಂದಿನ ಗುಳಿಗೆ ಕೊಡದೆ ಫೋನ್ ಮಾಡಿ. ಮೂತ್ರ ಕಡಿಮೆಯಾಗಿ ಕೈಕಾಲು ಬೆಚ್ಚಿಬಿದ್ದಂತೆ ಹಾರುತ್ತಿದ್ದರೆ ಕಿಡ್ನಿ ಮಾರ್ಫಿನನ್ನು ಹೊರಹಾಕುತ್ತಿಲ್ಲವೆಂದು ಅರ್ಥ, ಪ್ರಮಾಣ ಇಳಿಸಬೇಕಾಗುತ್ತದೆ. ಹಾಗೆಂದು ಎಲ್ಲ ಮಂಪರನ್ನೂ ಮಾರ್ಫಿನ್ ತಲೆಗೆ ಕಟ್ಟಬಾರದು. ಬಾಯಿ-ಗಂಟಲಿನ ಕ್ಯಾನ್ಸರಿನಲ್ಲಿ ರಕ್ತದ ಕ್ಯಾಲ್ಸಿಯಂ ಏರುವುದುಂಟು. ಬಾಯಾರಿಕೆ, ಮಲಬದ್ಧತೆ, ಅಡ್ಡಾದಿಡ್ಡಿ ಮಾತು, ಮಂಪರು ಅದರ ಲಕ್ಷಣ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಸಲಾಯಿನ್ ಮತ್ತು ಒಂದು ಇಂಜೆಕ್ಷನ್‌ನಿಂದ ಇಳಿಸಬಹುದು, ಇಳಿದರೆ ಮಗ ಮತ್ತೆ ಕೆಲವು ವಾರ ಎಚ್ಚರವಾಗಿರಬಹುದು. ಇನ್ನು ಉರಿ, ಕರೆಂಟು ಹೊಡೆದಂಥ ಸೆಳೆತ ಇದ್ದರೆ ಅದು ನರದ ನೋವು. ಮಾರ್ಫಿನ್ ಒಂದರಿಂದಲೇ ಪೂರ್ತಿ ಹೋಗುವುದಿಲ್ಲ, ಅಮಿಟ್ರಿಪ್ಟಿಲಿನ್ ಅಥವಾ ಗ್ಯಾಬಪೆಂಟಿನ್ ಜೊತೆಗೆ ಸೇರಿಸುತ್ತಾರೆ. ಮಗ "ಉರೀತದ" ಎಂದನೋ "ಜಗ್ಗತದ" ಎಂದನೋ ಅವನ ಮಾತಿನಲ್ಲೇ ಬರೆದುಕೊಂಡು ಹೋಗಿ.

ನಳಿಕೆಯಿಂದ ಕೊಡುವವರು ಒಂದು ವಿಷಯ ಮರೆಯಬಾರದು. ನಾಲ್ಕು ತಾಸಿನ ಸಾದಾ ಗುಳಿಗೆಯನ್ನು ಪುಡಿಮಾಡಿ ನೀರಿನಲ್ಲಿ ಕರಗಿಸಿ ಕೊಡಬಹುದು. ಹನ್ನೆರಡು ತಾಸಿಗೊಮ್ಮೆ ಕೊಡುವ, ಔಷಧಿಯನ್ನು ಮೆಲ್ಲಗೆ ಬಿಡುವ ಎಸ್‌ಆರ್ ಗುಳಿಗೆಯನ್ನು ಪುಡಿ ಮಾಡಲೇಬಾರದು: ಹನ್ನೆರಡು ತಾಸಿನ ಔಷಧಿ ಒಂದೇ ಹೊತ್ತಿಗೆ ಮೈಗೆ ಇಳಿದು ಉಸಿರು ನಿಲ್ಲಬಹುದು. ನೋವಿಗೆಂದು ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿ 72 ತಾಸಿಗೊಂದು. ಅಂಟಿಸಿದ ಮೇಲೆ ಕೆಲಸ ಶುರುವಾಗಲು ಅರ್ಧ ದಿನವಾದರೂ ಬೇಕು. ಅದರ ಮೇಲೆ ಬಿಸಿನೀರಿನ ಚೀಲ ಇಟ್ಟರೆ ಔಷಧಿ ಬೇಕಾದ್ದಕ್ಕಿಂತ ವೇಗವಾಗಿ ಇಳಿಯುತ್ತದೆ. ಜೋರು ಜ್ವರ ಬಂದರೂ ಹಾಗೆಯೇ.

ಮಾರ್ಫಿನ್ ಶುರುವಾದ ದಿನವೇ ಸಂಡಾಸಿನ ಔಷಧಿಯೂ ಶುರುವಾಗಬೇಕು. ತೂಕಡಿಕೆ ಕಡಿಮೆಯಾಗುತ್ತದೆ, ಮಲಬದ್ಧತೆ ಮಾತ್ರ ಕೊನೆಯವರೆಗೂ ಇರುತ್ತದೆ. ಕರುಳಿನ ಚಲನೆಯೇ ನಿಧಾನವಾಗುವುದರಿಂದ ಇಸಬಗೋಲ್ ಇಲ್ಲಿ ಕೆಲಸಕ್ಕೆ ಬಾರದು. ನೀರು ಕಡಿಮೆ ಕುಡಿಯುವವನಲ್ಲಿ ಅದು ಉಬ್ಬಿ ಅಲ್ಲೇ ಗಟ್ಟಿಯಾಗುತ್ತದೆ. ಕರುಳನ್ನು ನೂಕುವ ಬಿಸಾಕೋಡಿಲ್ ಅಥವಾ ಸೆನ್ನಾ, ಜೊತೆಗೆ ಮಲವನ್ನು ಮೆದು ಮಾಡುವ ಲ್ಯಾಕ್ಟುಲೋಸ್ ಬೇಕು. ಮೂರು ದಿನ ಆಗದಿದ್ದರೆ ಹೇಳಬೇಕು. ಗಟ್ಟಿ ಮಲ ಅಡ್ಡವಿದ್ದು ಅದರ ಪಕ್ಕದಿಂದ ನೀರಿನಂತೆ ಸೋರುವುದುಂಟು, ಅದನ್ನು ಭೇದಿ ಎಂದು ತಿಳಿದು ಔಷಧಿ ನಿಲ್ಲಿಸಿದರೆ ತ್ರಾಸು ಇಮ್ಮಡಿಯಾಗುತ್ತದೆ.

ಮೂಗಿನ ನಳಿಕೆಯ ಊಟ ಅರ್ಧ ಅಡುಗೆಮನೆಯ ಕೆಲಸ, ಅರ್ಧ ನರ್ಸಿನ ಕೆಲಸ. ನಳಿಕೆ ಹಾಕಿದ ದಿನ ಮೂಗಿನ ಹೊಳ್ಳೆಯ ಬಳಿ ಎಷ್ಟನೇ ಗುರುತು ಇದೆ ಎಂದು ನೋಡಿ ಮಾರ್ಕರಿನಿಂದ ಗೆರೆ ಎಳೆದಿಡಿ. ಪ್ರತಿ ಊಟಕ್ಕೂ ಮೊದಲು ಗೆರೆ ಅಲ್ಲೇ ಇದೆಯೇ ನೋಡಬೇಕು, 50 ಮಿಲಿಯ ಸಿರಿಂಜಿನಿಂದ ಮೆಲ್ಲಗೆ ಹಿಂದಕ್ಕೆಳೆದು ಹೊಟ್ಟೆಯ ರಸ ಬರುತ್ತದೆಯೇ ನೋಡಬೇಕು. ಗೆರೆ ಹೊರಗೆ ಬಂದಿದ್ದರೆ, ಹಾಕುವಾಗ ಕೆಮ್ಮು ಹತ್ತಿದರೆ ನಿಲ್ಲಿಸಿ. ನಳಿಕೆ ತುದಿ ಶ್ವಾಸನಾಳದ ಕಡೆ ಸರಿದಿರಬಹುದು. ಪೂರ್ತಿ ಕಿತ್ತು ಬಂದರೆ ಕಲಿಯದವರು ಮನೆಯಲ್ಲಿ ತುರುಕಬಾರದು. ಗಡ್ಡೆ ಇರುವ ಗಂಟಲಿನಲ್ಲಿ ರಕ್ತ ಬರಿಸಿಬಿಡುತ್ತದೆ. ಒಂದು ಸಲಕ್ಕೆ 200 ಮಿಲಿ, ಎರಡು-ಮೂರು ತಾಸಿಗೊಮ್ಮೆ, ಬೆನ್ನು 45 ಡಿಗ್ರಿ ಎತ್ತಿ ಕೂಡ್ರಿಸಿ. ಸಿರಿಂಜಿನ ದಂಡ ತೆಗೆದು ಎತ್ತರಕ್ಕೆ ಹಿಡಿದರೆ ತಾನೇ ಇಳಿಯುತ್ತದೆ, ಒತ್ತಬೇಕಿಲ್ಲ. ಆದ ಮೇಲೆ 30 ಮಿಲಿ ನೀರು, ಅರ್ಧ ತಾಸು ಅದೇ ಭಂಗಿ.

ಏನು ಕೊಡಬೇಕು? ರಾಗಿ ಗಂಜಿ, ಹೆಸರುಬೇಳೆ-ಅಕ್ಕಿ ಬೇಯಿಸಿ ಮಿಕ್ಸರಿನಲ್ಲಿ ನುಣ್ಣಗೆ ಮಾಡಿದ್ದು, ಹಾಲು, ಮಜ್ಜಿಗೆ, ಬೇಳೆಕಟ್ಟಿಗೆ ಒಂದು ಚಮಚೆ ತುಪ್ಪ. ಜೋಳದ ನುಚ್ಚನ್ನು ಎಷ್ಟು ಅರೆದರೂ ತರಿ ಉಳಿದು ನಳಿಕೆ ಕಟ್ಟುತ್ತದೆ. ಹಿಟ್ಟಿನ ಅಂಬಲಿಯನ್ನು ಹಳೆಯ ಪಂಚೆಯ ಅರಿವೆಯಲ್ಲಿ ಸೋಸಿದರೆ ನಡೆಯುತ್ತದೆ. ಗುಳಿಗೆಗಳನ್ನು ಒಟ್ಟಿಗೆ ಪುಡಿ ಮಾಡಬಾರದು. ಒಂದೊಂದಾಗಿ, ನಡುವೆ ಹತ್ತು ಮಿಲಿ ನೀರು. ಕಟ್ಟಿದರೆ ಉಗುರುಬೆಚ್ಚಗಿನ ನೀರನ್ನು ಸಿರಿಂಜಿನಲ್ಲಿ ಸ್ವಲ್ಪ ನೂಕಿ ಸ್ವಲ್ಪ ಎಳೆದು ಮಾಡುತ್ತ ಕೂತರೆ ಬಹುತೇಕ ಬಿಡುತ್ತದೆ, ಜೋರು ಮಾಡಿದರೆ ನಳಿಕೆ ಒಡೆಯುತ್ತದೆ. ಮಿರ್ಚಿ-ಗಿರ್ಮಿಟ್ಟಿನ ವಾಸನೆ ಬಂದಾಗ ಮಗ ಮುಖ ತಿರುಗಿಸುವುದನ್ನು ನೋಡುವ ತಾಯಂದಿರು ಮನೆಯಲ್ಲಿ ಒಗ್ಗರಣೆ ಹಾಕುವುದನ್ನೇ ಬಿಡುತ್ತಾರೆ. ಅದೂ ಅತಿ. ಒಂದು ಕಾಳಿನಷ್ಟು ಧಾರವಾಡ ಪೇಡೆಯನ್ನು ನಾಲಗೆಗೆ ಸವರಿ ರುಚಿ ನೋಡಿಸಿ ಒರೆಸಬಹುದೇ ಎಂದು ಡಾಕ್ಟರನ್ನು ಕೇಳಿ, ನುಂಗುವಾಗ ಕೆಮ್ಮು ಬರದವರಿಗೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಬಾಯಿ ತೊಳೆಯಲು ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚೆ ಅಡುಗೆ ಸೋಡಾ. ದವಡೆ ಒಂದು ಬೆರಳಿನಷ್ಟೂ ತೆರೆಯದಿದ್ದರೆ ಸೂಜಿ ತೆಗೆದ 10 ಮಿಲಿ ಸಿರಿಂಜಿನಿಂದ ಕೆನ್ನೆಯ ಬದಿಗೆ ಹಾಯಿಸಿ, ತಲೆ ಮುಂದಕ್ಕೆ ಬಗ್ಗಿಸಿ ಬೋಗುಣಿಗೆ ಸುರಿಸಬೇಕು. ಮೊಸರಿನಂಥ ಬಿಳಿ ಪದರ ಕಂಡು, ಒರೆಸಿದರೆ ಅಡಿಯಲ್ಲಿ ಕೆಂಪಗಿದ್ದರೆ ಶಿಲೀಂಧ್ರದ ಸೋಂಕಿರಬಹುದು, ಅದಕ್ಕೆ ಬೇರೆ ಔಷಧಿ ಇದೆ.

ಗಾಯದ ಬಗ್ಗೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಅದಕ್ಕೇ ಇಲ್ಲಿ ಬರೆಯಬೇಕು. ಗಡ್ಡೆ ಕೆನ್ನೆ ಒಡೆದು ಹೊರಗೆ ಬಂದ ಮೇಲೆ ಅದು ವಾಸಿಯಾಗುವ ಗಾಯವಲ್ಲ. ವಾಸನೆ, ಸೋರಿಕೆ, ರಕ್ತ, ನೊಣ ಈ ನಾಲ್ಕನ್ನು ತಡೆಯುವುದೇ ಡ್ರೆಸ್ಸಿಂಗಿನ ಉದ್ದೇಶ. ಹಳೆಯ ಹತ್ತಿ ಪಂಚೆಯನ್ನು ತೊಳೆದು ತುಂಡು ಮಾಡಿ, ಸ್ಟೀಲ್ ಡಬ್ಬಿಯಲ್ಲಿಟ್ಟು ಕುಕ್ಕರಿನಲ್ಲಿ ಅರ್ಧ ತಾಸು ಉಗಿಗೆ ಇಟ್ಟರೆ ಅಂಗಡಿಯ ಗಾಜ್ ಬಟ್ಟೆಯಷ್ಟೇ ಕೆಲಸ ಮಾಡುತ್ತದೆ. ಅರ್ಧ ಲೀಟರ್ ನೀರಿಗೆ ಒಂದು ಮಟ್ಟಸ ಚಮಚೆ ಉಪ್ಪು ಹಾಕಿ ಕುದಿಸಿ ಆರಿಸಿದರೆ ಗಾಯ ತೊಳೆಯುವ ನೀರು. ಆ ದಿನದ್ದು ಆ ದಿನಕ್ಕೇ. ಡ್ರೆಸ್ಸಿಂಗಿಗೆ ಅರ್ಧ ತಾಸು ಮೊದಲು ಒಂದು ಹೆಚ್ಚುವರಿ ಮಾರ್ಫಿನ್ ಕೊಡಬಹುದೇ ಎಂದು ಕೇಳಿಕೊಂಡಿರಿ. ಹಳೆಯ ಪಟ್ಟಿಯನ್ನು ಒಣದಾಗಿ ಎಂದೂ ಕೀಳಬಾರದು. ಉಪ್ಪುನೀರಿನಲ್ಲಿ ಪೂರ್ತಿ ನೆನೆಸಿ, ತಾನೇ ಬಿಡುವವರೆಗೆ ಕಾಯಬೇಕು. ರಕ್ತ ಬರುವುದು ಬಹಳ ಸಲ ಕಿತ್ತ ಗಾಯದಿಂದಲೇ. ಸ್ಪಿರಿಟ್ಟು, ಹೈಡ್ರೋಜನ್ ಪೆರಾಕ್ಸೈಡು ಬೇಡ.

ವಾಸನೆಗೆ ಮೆಟ್ರೊನಿಡಝೋಲ್ 400ರ ಗುಳಿಗೆಯೇ ಮದ್ದು. ಗಾಯದ ಅಗಲ ನೋಡಿ ಎರಡರಿಂದ ನಾಲ್ಕು ಗುಳಿಗೆ ನುಣ್ಣಗೆ ಪುಡಿ ಮಾಡಿ ಗಾಯದ ಮೇಲೆ ಉದುರಿಸಿ ಮುಚ್ಚುವುದು, ದಿನಕ್ಕೊಮ್ಮೆ, ಹೆಚ್ಚು ಸೋರುತ್ತಿದ್ದರೆ ಎರಡು ಸಲ. ವಾಸನೆ ಮಾಡುವ ಗಾಳಿಯಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾ ಅದರಿಂದ ಸಾಯುತ್ತವೆ, ಕೆಲವೇ ದಿನಗಳಲ್ಲಿ ಕೋಣೆಯ ಗಾಳಿ ಬದಲಾಗುತ್ತದೆ. ಮಂಚದ ಕೆಳಗೆ ಒಂದು ಪರಾತದಲ್ಲಿ ಇದ್ದಿಲು ಇಡಿ. ಊದುಬತ್ತಿ, ಫಿನಾಯಿಲು ಬೇಡ, ಎರಡು ವಾಸನೆ ಕೂಡಿ ಮೂರನೆಯದಾಗುತ್ತದೆ. ಬೇಸಿಗೆಯಲ್ಲಿ ನೊಣ ಕೂತು ಮೊಟ್ಟೆ ಇಟ್ಟರೆ ಹುಳು ಬೀಳುತ್ತವೆ; ಹಗಲೂ ಸೊಳ್ಳೆ ಪರದೆ ಕಟ್ಟಿರಬೇಕು. ಬಿದ್ದರೆ ಗಾಬರಿ ಬೇಡ. ನರ್ಸು ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಗಾಜ್ ಬಟ್ಟೆಯನ್ನು ಗಾಯದ ಬಾಯಿಗೆ ಇಟ್ಟು, ಹೊರಬಂದ ಹುಳುವನ್ನು ಚಿಮಟದಲ್ಲಿ ತೆಗೆಯುತ್ತಾರೆ. ಮಗನ ಕಣ್ಣಿಗೆ ಅದು ಬೀಳದಂತೆ ನೋಡಿಕೊಳ್ಳಿ, ಕೋಣೆಯ ಕನ್ನಡಿಯನ್ನು ತೆಗೆಯಲೋ ಇಡಲೋ ಎಂದು ಅವನನ್ನೇ ಕೇಳಿ.

ಜಿನುಗುವ ರಕ್ತಕ್ಕೆ ಟ್ರಾನೆಕ್ಸಾಮಿಕ್ ಆಸಿಡ್ ಗುಳಿಗೆಯ ಪುಡಿ ನೆನೆಸಿದ ಗಾಜ್ ಬಟ್ಟೆಯನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಕತ್ತಿನ ದೊಡ್ಡ ರಕ್ತನಾಳದ ಹತ್ತಿರ ಗಡ್ಡೆ ಇದ್ದರೆ ಒಮ್ಮೆಲೇ ಚಿಮ್ಮುವ ಸಾಧ್ಯತೆಯನ್ನು ಡಾಕ್ಟರು ಮೊದಲೇ ಹೇಳಿರುತ್ತಾರೆ, ಹೇಳದಿದ್ದರೆ ಕೇಳಬೇಕು. ಅದಕ್ಕೆ ಮಾಡುವ ತಯಾರಿ ಇಷ್ಟೇ: ಕಡುಕೆಂಪು ಅಥವಾ ಕಪ್ಪು ಟವೆಲ್ಲುಗಳನ್ನು, ಗಾಢ ಬಣ್ಣದ ಒಂದು ಕೌದಿಯನ್ನು ಮಂಚದ ಕೈಗೆಟಕುವಲ್ಲಿ ಇಡುವುದು. ಬಿಳಿ ಅರಿವೆಯ ಮೇಲೆ ಹರಿಯುವ ರಕ್ತ ಕಂಡರೆ ಅವನೂ ಬೆದರುತ್ತಾನೆ, ನಾವೂ ಬೆದರುತ್ತೇವೆ. ಹಾಗೆ ಚಿಮ್ಮಿದರೆ ಅದು ನಿಮಿಷಗಳ ಮಾತು. ಅಂಬುಲೆನ್ಸಿಗೆ ಓಡಾಡದೆ ಪಕ್ಕದಲ್ಲಿ ಕೂತು, ಟವೆಲ್ಲು ಒತ್ತಿ, ಕೈ ಹಿಡಿದು ಮಾತಾಡಿಸುತ್ತಿರಬೇಕು. ಆ ಹೊತ್ತಿಗೆಂದೇ ನಿದ್ದೆಯ ಇಂಜೆಕ್ಷನ್ ಬರೆದುಕೊಡುವ ಡಾಕ್ಟರೂ ಇದ್ದಾರೆ. ಮಗು ಆ ಕೋಣೆಯಲ್ಲಿ ಮಲಗದಿರಲಿ.

ಮಂಚ, ಏರ್ ಬೆಡ್ಡು ವಿದ್ಯಾನಗರದ ಸುತ್ತಿನ ಸರ್ಜಿಕಲ್ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತವೆ. ಮಂಚ ಬಾಡಿಗೆಗೆ ಸಾಕು. ಏರ್ ಬೆಡ್ಡು ಹೊಸದೇ ಕೊಳ್ಳುವುದು ಮೇಲು, ತೂತಿನ ತೇಪೆ ಹಾಕಿದ್ದು ರಾತ್ರಿ ಕೈಕೊಡುತ್ತದೆ. ಗಾಳಿ ಸಾಕಷ್ಟಿದೆಯೇ ಎಂದು ನೋಡಲು ಅವನ ಕುಂಡೆಯ ಕೆಳಗೆ, ಬೆಡ್ಡಿನ ಅಡಿಯಿಂದ ಅಂಗೈ ತೂರಿಸಿ: ಮೂಳೆ ಕೈಗೆ ತಾಗಬಾರದು, ಒಂದು ಇಂಚಿನಷ್ಟು ಗಾಳಿ ಇರಬೇಕು. ಅದರ ಮೇಲೆ ಒಂದೇ ಚಾದರ ಹಾಸಿ. ಮೆತ್ತಗಿರಲಿ ಎಂದು ಎರಡು ಕೌದಿ ಹಾಸಿದರೆ ಬೆಡ್ಡು ಇದ್ದೂ ಇಲ್ಲದಂತೆ. ಹೆಸ್ಕಾಂ ಕರೆಂಟು ಹೋದರೆ ಪಂಪು ನಿಂತು ಗಾಳಿ ಇಳಿಯುತ್ತದೆ. ಪಂಪಿಗೆ ಬೇಕಾದ ವಿದ್ಯುತ್ತು ಬಹಳ ಕಡಿಮೆ, ಮನೆಯ ಇನ್ವರ್ಟರು ಧಾರಾಳ ಸಾಕು. ಇನ್ವರ್ಟರು ಇಲ್ಲದಿದ್ದರೆ ಪೈಪುಗಳನ್ನು ಮಡಿಚಿ ಕ್ಲಿಪ್ ಹಾಕಿ. ಬೆಡ್ಡಿದ್ದರೂ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಪೂರ್ತಿ ಪಕ್ಕಕ್ಕಲ್ಲ, ಬೆನ್ನಿಗೆ ದಿಂಬು ಕೊಟ್ಟು ಮೂವತ್ತು ಡಿಗ್ರಿ ಓರೆ. ಬೆರಳಿನಿಂದ ಒತ್ತಿದರೂ ಬಿಳಿಚದ ಕೆಂಪು ಕಂಡರೆ ಹುಣ್ಣು ಶುರುವಾಯಿತೆಂದೇ ಲೆಕ್ಕ. ಅಲ್ಲಿ ತಿಕ್ಕಬಾರದು, ಭಾರ ಬೀಳದಂತೆ ಮಾಡಬೇಕು. ಎತ್ತುವುದಕ್ಕೆ ಹಳೆಯ ಹತ್ತಿ ಸೀರೆಯನ್ನು ಮಡಚಿ ಭುಜದಿಂದ ತೊಡೆಯವರೆಗೆ ಕೆಳಗೆ ಹಾಸಿ, ಎರಡು ಬದಿಗೆ ಇಬ್ಬರು ನಿಂತು ಸೀರೆ ಹಿಡಿದು ಸರಿಸಿ. ತೋಳು ಹಿಡಿದು ಎಳೆದರೆ ಅವನ ಚರ್ಮ ಹರಿಯುತ್ತದೆ, ಅರವತ್ತು ದಾಟಿದ ನಮ್ಮ ನಡ ಹಿಡಿಯುತ್ತದೆ.

ಮೈ ಒರೆಸುವುದು, ಪಾಟು ಇಡುವುದು ಯಾರು ಮಾಡಬೇಕೆಂದು ಅವನನ್ನೇ ಕೇಳಬೇಕು. ಬಾಲ್ಯದಲ್ಲಿ ಎರೆದು ಹಾಕಿದವಳು ತಾಯಿ ಎಂದು ಅವಳೇ ಮುಂದಾಗುತ್ತಾಳೆ. ಮೂವತ್ತರ ಮಗನಿಗೆ ಹೆಂಡತಿಯೋ ಕಾಕನ ಮಗನೋ ಮಾಡಿದರೆ ಮುಜುಗರ ಕಡಿಮೆ ಇರಬಹುದು. ಸೊಸೆಗೆ ಅವನ ಜೊತೆ ಒಬ್ಬಳೇ ಇರುವ ಹೊತ್ತು ದಿನಕ್ಕೆ ಒಂದು ತಾಸಾದರೂ ಬೇಕು, ಬಾಗಿಲು ಹಾಕಿಕೊಂಡು. ಅತ್ತೆ-ಮಾವ ಇಬ್ಬರೂ ಆ ಹೊತ್ತಿನಲ್ಲಿ ಪಡಸಾಲೆಯಲ್ಲಿ ಇರಬೇಕು. ನೋಡಲು ಬರುವ ಮಂದಿಗೆ ಸಂಜೆ ನಾಲ್ಕರಿಂದ ಆರು ಎಂದು ಹೊತ್ತು ಗೊತ್ತು ಮಾಡಿ, ಹತ್ತು ನಿಮಿಷಕ್ಕೆ ಎಬ್ಬಿಸುವ ಕೆಲಸವನ್ನು ಓಣಿಯ ಗಟ್ಟಿ ಬಾಯಿಯ ಹಿರಿಯರೊಬ್ಬರಿಗೆ ಒಪ್ಪಿಸಿ. ನಾಟಿ ಔಷಧಿಯ ವಿಳಾಸ ತಾರದ ನೆಂಟರಿಲ್ಲ. ಕೊಡಲೇಬೇಕೆನಿಸಿದರೆ ಮಾರ್ಫಿನ್ ನಿಲ್ಲಿಸದೆ, ಡಾಕ್ಟರಿಗೆ ಹೇಳಿ ಕೊಡಿ. ಕಷಾಯದ ಚರಟ ನಳಿಕೆ ಕಟ್ಟುತ್ತದೆ, ಭಸ್ಮದಂಥವು ಮೊದಲೇ ಸೋತ ಕಿಡ್ನಿಗೆ ಕೂಡುವುದಿಲ್ಲ. ಹೊಲ ಮಾರಿ ಕೊಡಬೇಡಿ.

ದುಡ್ಡಿನ ವಿಷಯದಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕಾರ್ಡು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ದವಾಖಾನೆಯ ಖರ್ಚು ನೋಡಿಕೊಳ್ಳುತ್ತದೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30, ಹೆಚ್ಚೆಂದರೆ 1.5 ಲಕ್ಷ. ಮನೆಯ ಡೈಪರು, ಮಂಚದ ಬಾಡಿಗೆ ನಮ್ಮದೇ. ಇನ್ನೊಂದು ಅಭಿಪ್ರಾಯಕ್ಕೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರು ದವಾಖಾನೆಯಿಂದ ರೈಲ್ವೆ ರಿಯಾಯಿತಿ ಫಾರ್ಮು ಮಾಡಿಸಿಕೊಳ್ಳಿ; ಸ್ಲೀಪರ್, ಥರ್ಡ್ ಎಸಿಯಲ್ಲಿ ಕ್ಯಾನ್ಸರ್ ರೋಗಿಗೆ ಪೂರ್ತಿ, ಜೊತೆಯವರಿಗೆ ಶೇ. 75 ರಿಯಾಯಿತಿ ಇದೆ.

ಕಾಗದಪತ್ರ ಅವನು ಎಚ್ಚರವಿರುವಾಗಲೇ ಆಗಬೇಕು. ಮುಕ್ತಾರನಾಮೆ (ಪವರ್ ಆಫ್ ಅಟಾರ್ನಿ) ಮಾಡಿಸಿಟ್ಟರೆ ಸಾಕೆಂದು ಬಹಳ ಮಂದಿ ತಿಳಿದಿದ್ದಾರೆ. ಅವನ ಬುದ್ಧಿ ಸ್ಥಿಮಿತ ತಪ್ಪಿದರೆ ಅದು ನಡೆಯುವುದಿಲ್ಲ, ಸತ್ತ ಮೇಲಂತೂ ಇಲ್ಲವೇ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲಿಲ್ಲದೆ ತೀರಿಕೊಂಡ ಮಗನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಮಕ್ಕಳು, ತಾಯಿಗೆ ಸಮಪಾಲು. ಅಪ್ಪ ಎರಡನೇ ವರ್ಗದ ವಾರಸುದಾರ, ಅವನಿಗೆ ಪಾಲಿಲ್ಲ. ಇದು ಮೊದಲೇ ಗೊತ್ತಿದ್ದರೆ ಆಮೇಲಿನ ಜಗಳ ಅರ್ಧ ಕಡಿಮೆ. ಉಯಿಲಿಗೆ ಇಬ್ಬರು ಸಾಕ್ಷಿ ಬೇಕು, ಆಸ್ತಿ ಪಡೆಯುವವರು ಸಾಕ್ಷಿ ಹಾಕಬಾರದು, ನೋಂದಣಿ ಕಡ್ಡಾಯವಲ್ಲ. ಮಾಡಿಸುವುದಾದರೆ ಹಾಸಿಗೆ ಹಿಡಿದವರ ಮನೆಗೆ ಸಬ್ ರಜಿಸ್ಟ್ರಾರ್ ಬರಲು ಅವಕಾಶವಿದೆ. ಆ ದಿನದ ತಾರೀಖಿಗೆ "ಪೂರ್ಣ ಎಚ್ಚರದಲ್ಲಿದ್ದಾರೆ" ಎಂದು ಡಾಕ್ಟರರಿಂದ ಬರೆಸಿಕೊಳ್ಳಿ, ಮಾರ್ಫಿನ್ ತಗೊಳ್ಳುವವನ ಸಹಿಯನ್ನು ಆಮೇಲೆ ಯಾರಾದರೂ ಪ್ರಶ್ನಿಸುತ್ತಾರೆ. ಪಿಎಫ್, ಬ್ಯಾಂಕು, ವಿಮೆಯ ನಾಮಿನಿ ಮದುವೆಗೆ ಮೊದಲಿನದ್ದೇ ಇದ್ದರೆ ಬದಲಿಸಬೇಕು. ವೆಂಟಿಲೇಟರು ಬೇಡ ಎಂದು ಅವನು ಬರೆದಿಡಬಯಸಿದರೆ ಅದಕ್ಕೆ ಸುಪ್ರೀಂ ಕೋರ್ಟಿನ 2018ರ ತೀರ್ಪಿನ ಬೆಂಬಲವಿದೆ. 2023ರಲ್ಲಿ ಕ್ರಮ ಸರಳವಾಗಿ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕಾಯಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದರ ಸುತ್ತೋಲೆಯನ್ನೂ ಹೊರಡಿಸಿದೆ.

ಕೊನೆಯ ದಿನಗಳಲ್ಲಿ ನಳಿಕೆಯ ಊಟ ಕಡಿಮೆ ಮಾಡುವುದೇ ತಾಯಿಗೆ ಎಲ್ಲಕ್ಕಿಂತ ಕಷ್ಟ. "ಉಪವಾಸ ಕೆಡವಿ ಕಳಸ್ಲೇನ್ರಿ" ಎನ್ನುತ್ತಾಳೆ. ಹೊಟ್ಟೆ ಉಬ್ಬಿ, ಎಳೆದರೆ ಹಿಂದಿನ ಊಟವೇ ಬರುತ್ತಿದ್ದರೆ ಮೈ ಅದನ್ನು ತೆಗೆದುಕೊಳ್ಳುತ್ತಿಲ್ಲ. ಹಾಕಿದ್ದು ಉಕ್ಕಿ ಪುಪ್ಪುಸಕ್ಕೆ ಹೋಗುತ್ತದೆ. ಆಗ 50 ಮಿಲಿಗೆ ಇಳಿಸಿ, ಆಮೇಲೆ ಬರೀ ಔಷಧಿ ಮತ್ತು ನೀರಿಗೆ. ತುಟಿಗೆ ವ್ಯಾಸಲಿನ್, ನಾಲಗೆಗೆ ಒದ್ದೆ ಹತ್ತಿ. ಉಸಿರಿನ ತ್ರಾಸಿಗೆ ಮುಖಕ್ಕೆ ನೇರವಾಗಿ ಸಣ್ಣ ಫ್ಯಾನು ಹಿಡಿದರೆ ಆಕ್ಸಿಜನ್ನಿನಷ್ಟೇ ಹಿತವೆನಿಸುವುದುಂಟು, ಮಾರ್ಫಿನ್ನೂ ಅದಕ್ಕೆ ಕೆಲಸ ಮಾಡುತ್ತದೆ. ಒಮ್ಮೆಲೇ ಚಡಪಡಿಕೆ ಶುರುವಾದರೆ ಮೊದಲು ಹೊಟ್ಟೆಯ ಕೆಳಭಾಗ ಮುಟ್ಟಿ ನೋಡಿ, ಮೂತ್ರ ಕಟ್ಟಿರಬಹುದು. ಗಂಟಲಲ್ಲಿ ಗೊರಗೊರ ಸದ್ದು ಬಂದರೆ ಪಕ್ಕಕ್ಕೆ ಮಲಗಿಸಿ. ಎಂಜಲು ಕಡಿಮೆ ಮಾಡುವ ಗ್ಲೈಕೋಪೈರೊಲೇಟ್ ಅಥವಾ ಬಸ್ಕೋಪಾನ್ ಸದ್ದು ಶುರುವಾದ ಕೂಡಲೇ ಕೊಟ್ಟರೆ ಉಪಯೋಗ. ಆ ಹೊತ್ತಿಗೆ ಅವನು ಎಚ್ಚರವಿರುವುದಿಲ್ಲ, ಸದ್ದು ಹಿಂಸೆಯಾಗುವುದು ಕೇಳುವವರಿಗೆ. ಪಾದ ತಣ್ಣಗಾಗಿ ಮೊಣಕಾಲಿನ ಮೇಲೆ ನೀಲಿ ಮಚ್ಚೆ ಮೂಡುವುದು, ಉಸಿರು ನಿಂತು ನಿಂತು ಬರುವುದು ಕೊನೆಯ ತಾಸುಗಳ ಗುರುತು. ದವಾಖಾನೆಗೆ ಒಯ್ಯೋಣ ಎನ್ನುವ ಒಬ್ಬರು ಆಗ ಬಂದೇ ಬರುತ್ತಾರೆ. 108ರವರ ಕೆಲಸ ಒಯ್ಯುವುದು, ಕ್ಯಾಜುಲ್ಟಿಯವರ ಕೆಲಸ ಎದೆ ಒತ್ತುವುದು, ಗಂಟಲಿಗೆ ಪೈಪು ಹಾಕುವುದು. ಮಗ ಮನೆಯಲ್ಲೇ ಇರುತ್ತೇನೆ ಎಂದಿದ್ದರೆ ಅದನ್ನು, ಡಾಕ್ಟರರ ಚೀಟಿಯ ಜೊತೆ, ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿರಬೇಕು.

ಉಸಿರು ನಿಂತ ಮೇಲೆ ಹೊತ್ತು ನೋಡಿಕೊಳ್ಳಿ. ಕಣ್ಣು ಕೊಡುವುದಿದ್ದರೆ ಆರು ತಾಸಿನೊಳಗೆ. ಫ್ಯಾನು ಆರಿಸಿ, ತಲೆ ಎತ್ತರಿಸಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟು ಐ ಬ್ಯಾಂಕಿಗೆ ಫೋನ್ ಮಾಡಬೇಕು. ರಕ್ತದ ಕ್ಯಾನ್ಸರ್ ಇದ್ದವರಿಂದ ತೆಗೆದುಕೊಳ್ಳುವುದಿಲ್ಲ, ಉಳಿದದ್ದನ್ನು ಅವರೇ ನಿರ್ಧರಿಸುತ್ತಾರೆ. ನಳಿಕೆ ತೆಗೆದು, ಗಾಯಕ್ಕೆ ಹತ್ತಿ ತುಂಬಿ ಹೊಸ ಪಟ್ಟಿ ಕಟ್ಟಿ, ಗದ್ದ ಎತ್ತಿ ಕಟ್ಟಿ. ಲಿಂಗಾಯತರ ಮನೆಯಾದರೆ ಕೂಡ್ರಿಸುವ ಪದ್ಧತಿಗೆ ಕಾಲು ಮಡಚಬೇಕು. ಎರಡರಿಂದ ನಾಲ್ಕು ತಾಸಿನಲ್ಲಿ ದೇಹ ಬಿಗಿಯಲು ಶುರುವಾಗುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ಪುಣೆಯಿಂದ ಅಣ್ಣ ಬರಲಿ ಎಂದು ಮಲಗಿಸಿಟ್ಟರೆ ಆಮೇಲೆ ಬಲವಂತ ಮಾಡಬೇಕಾಗುತ್ತದೆ. ಬಾಡಿಗೆಯ ಫ್ರೀಜರ್ ಪೆಟ್ಟಿಗೆ ಮಲಗಿಸುವ ಅಳತೆಯದು ಎಂಬುದೂ ನೆನಪಿರಲಿ.

ಮನೆಯಲ್ಲಿ ತೀರಿಕೊಂಡರೆ ಸಾವಿನ ಕಾರಣದ ಪತ್ರವನ್ನು ಕೊನೆಯವರೆಗೂ ನೋಡಿದ ಡಾಕ್ಟರೇ 4ಎ ಫಾರ್ಮಿನಲ್ಲಿ ಕೊಡಬೇಕು. ಅದಕ್ಕೇ ಹತ್ತಿರದ ಒಬ್ಬ ಡಾಕ್ಟರಿಗೆ ಮೊದಲಿನಿಂದ ಎಲ್ಲ ಗೊತ್ತಿರಬೇಕು. ನೋಂದಣಿ 21 ದಿನದೊಳಗೆ, ಹುಬ್ಬಳ್ಳಿ-ಧಾರವಾಡದಲ್ಲಿ ಪಾಲಿಕೆಯ ವಲಯ ಕಚೇರಿಯಲ್ಲಿ, ತಪ್ಪಿದರೆ ದಂಡ. ಪ್ರಮಾಣಪತ್ರದ ಎಂಟ್ಹತ್ತು ಪ್ರತಿ ಒಮ್ಮೆಲೇ ತಗೊಳ್ಳಿ. ನೌಕರಿಯಲ್ಲಿದ್ದವನಾದರೆ ಪಿಎಫ್‌ಗೆ ಫಾರ್ಮ್ 20, ಸೊಸೆ-ಮಗುವಿನ ಪಿಂಚಣಿಗೆ 10ಡಿ, ಪಿಎಫ್ ಜೊತೆಗೇ ಇರುವ ವಿಮೆಗೆ 5ಐಎಫ್. ಆ ವಿಮೆ 7 ಲಕ್ಷದವರೆಗೂ ಬರುತ್ತದೆ, ಬಹಳ ಮನೆಗಳಲ್ಲಿ ಅದು ಗೊತ್ತೇ ಇರುವುದಿಲ್ಲ. ಉಳಿದ ಮಾರ್ಫಿನ್ ಗುಳಿಗೆಯನ್ನು ಎಣಿಸಿ ಕೊಟ್ಟಲ್ಲಿಗೇ ಮರಳಿಸಿ, ಪಕ್ಕದ ಮನೆಯವರ ಮೊಣಕಾಲು ನೋವಿಗೆ ಕೊಡಬಾರದು.

ಮಗ್ಗುಲು ಬದಲಿಸುವ ಹೊತ್ತಿಗೆ, ಗುಳಿಗೆಯ ಹೊತ್ತಿಗೆ ತಂದೆ-ತಾಯಿಗೆ ಎಚ್ಚರವಾಗುವುದು ತಿಂಗಳುಗಟ್ಟಲೆ ನಡೆಯುತ್ತದೆ. ಬಿಟ್ಟುಹೋಗಿದ್ದ ನಮ್ಮ ಸಕ್ಕರೆ, ಬಿಪಿ ಗುಳಿಗೆಗಳನ್ನು ಮೊದಲ ವಾರದಲ್ಲೇ ಮತ್ತೆ ಶುರು ಮಾಡಬೇಕು. ನಿದ್ದೆ, ಊಟ ಎರಡೂ ಬಿಟ್ಟುಹೋದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಮುಖತಃ ತೋರಿಸಲು ಧಾರವಾಡದ ಮಾನಸಿಕ ಆರೋಗ್ಯದ ದವಾಖಾನೆ ಡಿಮ್ಹಾನ್ಸ್ ಇದೆ. ಸೊಸೆಯನ್ನೂ ಕರೆದುಕೊಂಡು ಹೋಗಿ. ಅವಳು ನಮ್ಮ ಮುಂದೆ ಅಳುವುದಿಲ್ಲ.